ಗಿಡ್ಡ ಬೂಟಿನ ದೊಡ್ಡ ಕುಣಿಕೆ

ಜೂನ್ 3, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಾ ನಾಲ್ಕು ಸಾಲು ಬರೀರಿ, ಏನಾದ್ರೂ ಸರಿ, ಕೈ ಪಳಗುತ್ತೆ ಅಂತ ನರ್ಸ್ ಹೇಳಿದ್ದಾಳೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಬಲಗೈ ನೋಯುತ್ತಿದೆ. ಸಾಕು.

ಜೂನ್ 5, ಬುಧವಾರ

ಕೈ ನೋವು. ಹೊಲಿಗೆಯನ್ನು ತಟ್ಟಿ ಸಪಾಟು ಮಾಡುವ ಮೆಷಿನ್ನಿನ ರೋಲರ್‌ಗೆ ಬಲಗೈಯ ಎರಡು ಬೆರಳು ಸಿಕ್ಕಿದ್ದು ನನ್ನ ಕಣ್ಣೆದುರಿಗೇ. ಆದರೂ ಹೇಗಾಯಿತು ಅಂತ ಈಗಲೂ ಗೊತ್ತಾಗುವುದಿಲ್ಲ. ಮದುವೆಗೆ ಮೊದಲಿನಿಂದ ಬೂಟಿನ ಕಾರ್ಖಾನೆಯಲ್ಲಿ ಹೊಲಿದ ಕೈ ಇದು.

ಇವತ್ತು ನನ್ನ ಅಂಗಿಗೆ ಗುಂಡಿ ಹಾಕಿದ್ದು ನನ್ನ ಗಂಡ. ನಾನು ಕೇಳಿರಲಿಲ್ಲ. ಮೊದಲನೆಯದೇ ತೂತು ತಪ್ಪಿ, ಕೊನೆಯವರೆಗೂ ತಪ್ಪೇ ಹೋಯಿತು.

ಜೂನ್ 11, ಮಂಗಳವಾರ

ಇವರು ಜಡೆ ಹಾಕಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ್ದರಿಂದ ಕೂದಲನ್ನೂ ನಟ್ಟು ಬಿಗಿಮಾಡಿದ ಹಾಗೆ ಎಳೆದು ಕಟ್ಟಿದರು. ಹುಬ್ಬು ಮೇಲಕ್ಕೆ ಹೋಯಿತು.

"ನಿಧಾನ ರೀ" ಅಂದೆ.

"ಸಡಿಲ ಬಿಟ್ರೆ ಬಿಚ್ಚಿಹೋಗುತ್ತೆ" ಅಂದರು.

ಮುಗಿಯುವವರೆಗೂ ನಾನು ಗೋಡೆ ನೋಡುತ್ತಾ ಕೂತಿದ್ದೆ. ಮುಗಿದ ಮೇಲೆ ಏನಾದರೂ ಅನ್ನಬೇಕಿತ್ತೇನೋ. ಅನ್ನಲಿಲ್ಲ. ಅವರೂ ಬಾಚಣಿಗೆಯನ್ನು ಕಪಾಟಿನ ಮೇಲಿಟ್ಟು ಕೆಲಸಕ್ಕೆ ಹೋದರು. ಕೈ ನೋವು ಹಾಗೇ ಇದೆ.

ಜೂನ್ 14, ಶುಕ್ರವಾರ

ಕಾರ್ಖಾನೆಗೆ ಹೋಗಿದ್ದೆ. ನನ್ನ ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಾರೆ, ಮಲಗಿದವರಿಗೆ ಹೊದಿಸಿದ ಹಾಗೆ. ಯಾವಾಗಿಂದ ಬರಲಿ ಅಂತ ಸೂಪರ್‌ವೈಸರ್‌ನನ್ನು ಕೇಳಿದೆ. "ಮೊದ್ಲು ಕೈ ವಾಸಿ ಆಗ್ಲಿ ಅಕ್ಕ" ಅಂದ. ಒಳ್ಳೆಯ ಮಾತೇ, ಆದರೆ ನನ್ನ ಮುಖ ನೋಡಿ ಹೇಳಲಿಲ್ಲ.

ಆಮೇಲೆ ಚಿಕ್ಕ ಯಜಮಾನಿ ಕರೆಸಿದರು. ಕಾರ್ಖಾನೆ ಕಟ್ಟಿದ ದೊಡ್ಡ ಯಜಮಾನರ ಮೊಮ್ಮಗಳು, ಹೆಚ್ಚುಕಡಿಮೆ ನನ್ನ ಓರಗೆ. ಗೇಟಿನ ಪಕ್ಕದ ಕೋಣೆ ಖಾಲಿ ಮಾಡಿಸಿದ್ದಾರೆ. ಅಲ್ಲಿ ನಮ್ಮ ಗಿಡ್ಡ ಬೂಟಿನ ಕಥೆ ತೋರಿಸುವ ಪ್ರದರ್ಶನ ಇಡಬೇಕಂತೆ. ಹಳೇ ಬೂಟು ಹುಡುಕಬೇಕು, ಹಳಬರನ್ನು ಮಾತಾಡಿಸಬೇಕು, ಗೋಡೆಗೆ ಹಾಕಲು ಬರಹ ಬರೆಯಬೇಕು.

"ಮೆಷಿನ್ನಿಗೆ ವಾಪಸ್ ಹೋಗೋವರೆಗೂ ನೀವು ಇದನ್ನ ನೋಡ್ಕೋತೀರಾ?"

ಹೂಂ ಅಂದೆ. ಬೇರೆ ಏನು ಅನ್ನಲಿ. ಕಾಲು ಮುರಿದ ಕುರ್ಚಿಯನ್ನು ಎಸೆಯಲು ಮನಸ್ಸಾಗದೆ ಮೂಲೆಯಲ್ಲಿ ಹೂಕುಂಡ ಇಡಲು ಬಳಸುತ್ತಾರಲ್ಲ, ಹಾಗನಿಸಿತು.

ಜೂನ್ 20, ಗುರುವಾರ

ಒಂದು ವಿಷಯ ವಿಚಿತ್ರವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಿಡ್ಡ ಬೂಟು ಅಂದರೆ ಊರಿಗೆಲ್ಲ ಗೊತ್ತು. ಕಣಕಾಲಿನಷ್ಟೇ ಎತ್ತರ, ಲೇಸಿಲ್ಲ, ಎರಡು ಪಕ್ಕಕ್ಕೂ ಎಲಾಸ್ಟಿಕ್. ಏರಿಸಿಕೊಳ್ಳಲು ಮುಂದೊಂದು ಹಿಂದೊಂದು ಪಟ್ಟಿಯ ಕುಣಿಕೆ. ಈ ಕುಣಿಕೆಗಳನ್ನು ನಾನೇ ಎಷ್ಟು ಹೊಲಿದಿದ್ದೇನೋ ಲೆಕ್ಕವಿಲ್ಲ. ಒಂದು ಬೆರಳು ತೂರಿದರೆ ಹೆಚ್ಚು. ಆದರೆ ಯಜಮಾನಿಯ ಕೋಣೆಯ ಗಾಜಿನ ಕಪಾಟಿನಲ್ಲಿ ಮೊಟ್ಟಮೊದಲ ಜೋಡಿ ಇದೆ. ಇವತ್ತು ಅದನ್ನು ಹೊರಗೆ ತೆಗೆಸಿ ನೋಡಿದೆ. ಅದರ ಕುಣಿಕೆ ಬಳೆಯಷ್ಟು ಅಗಲ. ಬೂಟಿಗೆ ಎರಡೆರಡು ಕಿವಿ ನೇತಾಡುತ್ತಿರುವ ಹಾಗೆ.

ಯಾಕೆ?

ಸೂಪರ್‌ವೈಸರ್: "ಪಟ್ಟಿ ಅಳತೆ ತಪ್ಪಿರ್ಬೇಕು ಅಕ್ಕ. ಮೊದಲ್ನೇ ಸಲ ಅಲ್ವಾ." ನಾಲ್ಕೂ ಕುಣಿಕೆ ಒಂದೇ ಅಳತೆಗೆ ತಪ್ಪುತ್ತವಾ?

ಯಜಮಾನಿ: ಅವರ ತಾತ ಪ್ರಯಾಣದಲ್ಲಿ ಕುದುರೆ ಸವಾರರ ಬೂಟು ನೋಡಿ ಅದೇ ಮಾದರಿಯಲ್ಲಿ ಇದನ್ನು ಮಾಡಿದರಂತೆ. ಬೂಟಿನ ರಟ್ಟಿನ ಡಬ್ಬದ ಮೇಲೂ ಅದೇ ಕಥೆ ಅಚ್ಚಾಗಿದೆ. ಸವಾರರಿಗೆ ದೊಡ್ಡ ಕುಣಿಕೆ ಬೇಕಾಗಿತ್ತೇನೋ ಅಂದರು. ಕುದುರೆಗೂ ಕುಣಿಕೆಗೂ ಏನು ನಂಟು ಅಂತ ಅವರಿಗೂ ಗೊತ್ತಿಲ್ಲ.

ಇವರು: "ಮೊಳೆಗೆ ನೇತುಹಾಕೋಕೆ ಇರುತ್ತೆ. ಕೆಳಗಿಟ್ರೆ ಇಲಿ ಕಡಿಯುತ್ತೆ." ಹಾಗಾದರೆ ಒಂದು ಕುಣಿಕೆ ಸಾಕಲ್ಲ, ಎರಡು ಯಾಕೆ ಅಂದೆ. ಯೋಚಿಸುತ್ತಾ ಮಲಗಿದರು.

ಜೂನ್ 21, ಶುಕ್ರವಾರ

ಡಾಕ್ಟರು ಬ್ಯಾಂಡೇಜು ಬಿಚ್ಚಿದರು. ಎರಡು ಬೆರಳು ಇನ್ನು ಮಡಚುವುದಿಲ್ಲ.

ಜೂನ್ 27, ಗುರುವಾರ

ಬೆಂಕಿ ತಾತನ ಮನೆಗೆ ಹೋಗಿದ್ದೆ. ಊರಿನ ಎರಕದ ಕಾರ್ಖಾನೆಯಲ್ಲಿ ಜೀವಮಾನವಿಡೀ ಗಿಡ್ಡ ಬೂಟು ಹಾಕಿಕೊಂಡು ಕುಲುಮೆಯ ಮುಂದೆ ನಿಂತವರು. ಹುಬ್ಬಿನಲ್ಲಿ ಕೂದಲೇ ಇಲ್ಲ, ಸುಟ್ಟೂ ಸುಟ್ಟೂ ಅದಕ್ಕೇ ಬೇಜಾರಾಗಿ ಬರುವುದು ಬಿಟ್ಟಿತು ಅನ್ನುತ್ತಾರೆ.

ಲೇಸು ಯಾಕೆ ಹೋಯಿತು ಅಂತ ಅವರು ಎದ್ದು ನಿಂತು ತೋರಿಸಿದರು. ಕರಗಿದ ಕಬ್ಬಿಣದ ಹನಿ ಸಿಡಿದು ಬೂಟಿನೊಳಗೆ ಬಿದ್ದರೆ ಲೇಸು ಬಿಚ್ಚುತ್ತಾ ಕೂರಲು ಆಗುವುದಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿನ ಹಿಮ್ಮಡಿ ಒತ್ತಿ ಬೂಟನ್ನು ಒದ್ದು ಎಸೆಯಬೇಕು. ತೋರಿಸುವ ಭರದಲ್ಲಿ ಚಪ್ಪಲಿ ಹಾರಿ ಕಿಟಕಿಗೆ ಬಡಿಯಿತು. ಒಳಗಿಂದ ಸೊಸೆ, "ಮಾವ, ಯಾರಿಗೆ ಹೊಡೀತಿದ್ದೀರಾ" ಅಂದಳು.

"ಇದು ನಮ್ಮಿಂದ ಹುಟ್ಟಿದ ಬೂಟು ಕಣಮ್ಮ. ಕುದುರೆ ಗಿದುರೆ ಎಲ್ಲ ಡಬ್ಬದ ಮೇಲೆ ಬರ್ಕೊಳ್ಳೋಕೆ ಚೆಂದ."

"ಮತ್ತೆ ಕುಣಿಕೆ ಯಾಕೆ ಅಷ್ಟು ದೊಡ್ಡದು ತಾತ?"

ಅವರು ಕೆಲಸಕ್ಕೆ ಸೇರಿದಾಗ ಕುಣಿಕೆ ಈಗಿನಷ್ಟೇ ಇತ್ತಂತೆ. ಕುಲುಮೆಯ ಹತ್ತಿರ ನೇತಾಡುವ ಪಟ್ಟಿ ಅಪಾಯ, ಯಾವುದಕ್ಕಾದರೂ ಸಿಕ್ಕಿಕೊಂಡರೆ ಮನುಷ್ಯ ಮುಗ್ಗರಿಸುತ್ತಾನೆ, ಕುಲುಮೆಯವರು ಅಂಥದ್ದನ್ನು ಕೇಳಿ ಮಾಡಿಸಿಕೊಳ್ಳುವುದಿಲ್ಲ ಅಂದರು.

ಅಂದರೆ ಮೊದಲ ಜೋಡಿ ಕುಲುಮೆಯವನಿಗೆ ಮಾಡಿದ್ದಲ್ಲ. ಹಾಗೆ ಸಿಕ್ಕಿಕೊಳ್ಳುವ ಅಪಾಯ ಕುದುರೆ ಮೇಲೂ ಇದ್ದೇ ಇದೆ, ಸವಾರನಿಗೂ ಅಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಜನರ ಕಾಲು ನೋಡಿಕೊಂಡೇ ಬಂದೆ. ಕಂಬಕ್ಕೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಜುಲೈ 2, ಮಂಗಳವಾರ

ಹಳೇ ಗಿಡ್ಡ ಬೂಟಿದ್ದರೆ ತಂದುಕೊಡಿ ಅಂತ ಗೇಟಿನಲ್ಲಿ ಬೋರ್ಡ್ ಹಾಕಿದ್ದೆವು. ಕೋಣೆ ತುಂಬಿದೆ. ನಾಯಿ ಅಗಿದ ಬೂಟು, ಒಳಗೆ ಗುಬ್ಬಚ್ಚಿ ಗೂಡು ಕಟ್ಟಿದ್ದ ಬೂಟು, ಬಣ್ಣ ಬಳಿಯುವವನ ಕಾಲಿನಲ್ಲಿ ಹತ್ತು ಬಣ್ಣ ಕಂಡ ಬೂಟು. ಹಾಲು ಹಾಕುವವನೊಬ್ಬ ಬಂದಿದ್ದ. ಮನೆಮನೆ ಹೊಸಿಲಲ್ಲಿ ಬಿಚ್ಚಿ ಹಾಕುವುದಕ್ಕೆ ಇದಕ್ಕಿಂತ ಸಲೀಸು ಯಾವುದೂ ಇಲ್ಲವಂತೆ. ಡ್ರಮ್ ಬಾರಿಸುವ ಹುಡುಗಿ ತನ್ನ ತಾಯಿಯ ಜೋಡಿ ತಂದಳು. ಕುಲುಮೆಯವರ ಬೂಟನ್ನು ವಾದ್ಯಗೋಷ್ಠಿಯವರು ಯಾಕೆ ಹಾಕಿದರು ಅಂತ ಕೇಳಿದೆ. ಅಮ್ಮನಿಗೆ ಅವರಪ್ಪನ ಬೂಟು ಬಿಟ್ಟರೆ ಬೇರೆ ಇರಲಿಲ್ಲ, ವೇದಿಕೆ ಮೇಲೆ ನೋಡಿದವರು ಅದೇ ಫ್ಯಾಷನ್ ಅಂದುಕೊಂಡರು ಅಂದಳು.

ಯಾರ ಬೂಟಿನ ಕುಣಿಕೆಯೂ ದೊಡ್ಡದಿಲ್ಲ.

ಸಂಜೆ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗಬೇಕಿತ್ತು. ಮರೆತೇಹೋಯಿತು.

ಜುಲೈ 6, ಶನಿವಾರ

ಗೊತ್ತಾಯಿತು. ಮೊದಲಿನಿಂದ ಬರೆಯುತ್ತೇನೆ.

ಮಧ್ಯಾಹ್ನ ಕೋಣೆಯಲ್ಲಿ ಒಬ್ಬಳೇ ಇದ್ದೆ. ಮೊದಲ ಜೋಡಿಯನ್ನು ಮೇಜಿನ ಮೇಲಿಟ್ಟು ಒಳಗೆ ಎಡಗೈ ತೂರಿಸಿ ಹೊಲಿಗೆ ತಡಕುತ್ತಿದ್ದೆ. ಒಳಗಿನ ಅಸ್ತರಿನ ಕೆಳಗೆ ಸಾಲಾಗಿ ಸಣ್ಣ ಸಣ್ಣ ಗುಳಿ ಸಿಕ್ಕಿತು. ಇನ್ನೊಂದು ಬದಿಯಲ್ಲೂ ಅದೇ ಸಾಲು. ನಾನು ಹೊಲಿಗೆಯವಳು, ಅದು ಏನೆಂದು ಬೆರಳಿಗೇ ತಿಳಿಯಿತು. ಲೇಸಿನ ತೂತುಗಳು. ಯಾರೋ ಲೇಸಿನ ಬೂಟನ್ನೇ ಬಿಚ್ಚಿ, ತೂತಿನ ಮೇಲೆ ಚರ್ಮದ ತುಂಡು ಕೂರಿಸಿ ಮುಚ್ಚಿ, ಪಕ್ಕ ಕತ್ತರಿಸಿ ಎಲಾಸ್ಟಿಕ್ ಹಾಕಿದ್ದಾರೆ. ಕೈಹೊಲಿಗೆ. ಮನೆಯಲ್ಲಿ ಮಾಡಿದ ಕೆಲಸ.

ಹಾಕಿ ನೋಡೋಣ ಅನಿಸಿತು. ಗಂಡಸರ ಅಳತೆ, ನನಗೆ ದೊಡ್ಡದು, ಆದರೂ ಕಾಲು ತೂರಿಸಿದೆ. ಏರಿಸಿಕೊಳ್ಳಲು ಅಭ್ಯಾಸಬಲದಿಂದ ಎರಡೂ ಕೈ ಹಾಕಿದೆ. ಎಡಗೈಗೆ ಕುಣಿಕೆ ಸಿಕ್ಕಿತು. ಬಲಗೈಯ ಬೆರಳು ಮಡಚುವುದಿಲ್ಲವಲ್ಲ, ಹಿಡಿತ ಜಾರಿತು. ಇನ್ನೊಮ್ಮೆ ಜಾರಿತು. ಸಿಟ್ಟಿನಲ್ಲಿ ಇಡೀ ಕೈಯನ್ನೇ ಕುಣಿಕೆಯೊಳಗೆ ತೂರಿಸಿ ಎಳೆದೆ. ಪಟ್ಟಿ ಸೀದಾ ಮಣಿಕಟ್ಟಿಗೆ ಬಂದು ಕೂತಿತು. ಅಳತೆ ತೆಗೆದು ಹೊಲಿದ ಹಾಗೆ. ಬೂಟು ಸರಕ್ಕನೆ ಏರಿತು.

ಬಿಚ್ಚಿ ಇನ್ನೊಂದು ಸಲ ಹಾಕಿದೆ. ಈ ಸಲ ಎರಡೂ ಮಣಿಕಟ್ಟಿನಿಂದ. ಬೆರಳಿನ ಕೆಲಸವೇ ಇಲ್ಲ.

ಇದನ್ನು ಯಾವನೋ ಬೆರಳಿಲ್ಲದವನಿಗೆ ಮಾಡಿದ್ದಾರೆ.

ಸೂಪರ್‌ವೈಸರ್ ಏನೋ ಕೇಳಲು ಬಂದವನು ನಾನು ದೊಡ್ಡ ಬೂಟು ಹಾಕಿಕೊಂಡು ನೆಲದ ಮೇಲೆ ಕೂತಿದ್ದನ್ನು ನೋಡಿ, ಆಮೇಲೆ ಬರ್ತೀನಿ ಅಕ್ಕ ಅಂತ ಹೋದ.

ಜುಲೈ 8, ಸೋಮವಾರ

ಬೆಂಕಿ ತಾತನ ಹತ್ತಿರ ಓಡಿದೆ. ನಿಮ್ಮ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವರು ಯಾರಾದರೂ ಇದ್ದರಾ ಅಂತ ಕೇಳಿದೆ.

"ಗಂಟೆಯಣ್ಣ ಇದ್ದ" ಅಂದರು. ಪಾಳಿ ಬದಲಾಗುವಾಗ ಗಂಟೆ ಹೊಡೆಯುವವನು. ತಾತ ಸೇರುವ ಎಷ್ಟೋ ವರ್ಷ ಮೊದಲು ಎರಡೂ ಕೈ ಸುಟ್ಟು ಬೆರಳೆಲ್ಲ ಒಂದಕ್ಕೊಂದು ಅಂಟಿಹೋಗಿದ್ದವಂತೆ. ಗಂಟೆಯ ಹಗ್ಗವನ್ನು ಮೊಣಕೈಗೆ ಸುತ್ತಿ ಎಳೆಯುತ್ತಿದ್ದ. "ನಾವು ಯಾರೂ ಅವನ ಕೈ ವಿಷಯ ಎತ್ತುತ್ತಾ ಇರ್ಲಿಲ್ಲ. ಅವನ ತಂಗಿ ನಿಮ್ಮ ಕಾರ್ಖಾನೇಲಿ ಹೊಲಿಗೆಯವಳು ಅಂತ ನೆನಪು. ಆಮೇಲೆ ಕೆಲ್ಸ ಬಿಟ್ಟು ಸಸಿ ಮಾರ್ತಿದ್ಲು."

ಮನೆಗೆ ಬಂದು ಇವರಿಗೆ ಹೇಳಿದೆ. ತಿನ್ನುತ್ತಿದ್ದ ತುತ್ತು ಅಲ್ಲೇ ನಿಂತಿತು. ಡಿಪೋದ ಹಿಂದೆ ಸಸಿ ಬೆಳೆಸುವ ಅಜ್ಜಿಯೊಬ್ಬರಿದ್ದಾರೆ, ಅವರ ತಾಯಿಯ ಕಾಲದಿಂದ ಇರುವ ತೋಟ. ಇವರು ಸವೆದ ಟೈರುಗಳನ್ನು ಅವರಿಗೇ ಕೊಡುವುದು, ಅದರಲ್ಲಿ ಮಣ್ಣು ತುಂಬಿ ಗಿಡ ನೆಡುತ್ತಾರೆ. "ಇಷ್ಟು ದಿನ ನನ್ನ ಕೇಳ್ಬಾರ್ದಿತ್ತಾ?" ಅಂದರು.

ನಿಮಗೆ ಬೂಟಿನ ಬಗ್ಗೆ ಏನು ಗೊತ್ತು ಅಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಲಿಲ್ಲ.

ಜುಲೈ 13, ಶನಿವಾರ

ಇವರು ರಜೆ ಹಾಕಿ ಕರೆದುಕೊಂಡು ಹೋದರು. ಸಸಿ ಅಜ್ಜಿ ಟೈರುಗಳ ನಡುವೆ ಮಣೆ ಹಾಕಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರ ವಯಸ್ಸು, ಕೈತುಂಬ ಮಣ್ಣು. ನಾನು ಚೀಲದಿಂದ ಬೂಟು ತೆಗೆದ ಕೂಡಲೇ, "ಇದು ನಮ್ಮ ಮಾವಂದು" ಅಂದರು. ಕೈಗೂ ತೆಗೆದುಕೊಳ್ಳಲಿಲ್ಲ, ಕನ್ನಡಕವನ್ನೂ ಹುಡುಕಲಿಲ್ಲ.

ಗಂಟೆಯಣ್ಣ ಅವರ ತಾಯಿಯ ಅಣ್ಣ. ಹೊಲಿದದ್ದು ತಾಯಿ.

"ಅಣ್ಣನ ಮೇಲೆ ಅಷ್ಟು ಪ್ರೀತಿ ಇತ್ತಾ ಅಜ್ಜಿ?"

"ಪ್ರೀತಿ ಎಲ್ಲಿ ಬಂತು. ಸಿಟ್ಟು. ಲೇಸು ಕಟ್ಟಿ ಕಟ್ಟಿ ಅಮ್ಮನಿಗೆ ಸಾಕಾಗಿತ್ತು."

ಅಜ್ಜಿ ಹೇಳಿದ್ದನ್ನು ಆದಷ್ಟು ಹಾಗೇ ಬರೆಯುತ್ತೇನೆ. ಮಾವ ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಂಗಿಯ ಮನೆಗೆ ಬರುತ್ತಿದ್ದರು. ಮೆಟ್ಟಿಲ ಮೇಲೆ ಒಂದು ಕಾಲು ಇಡುತ್ತಿದ್ದರು. ಅಮ್ಮ ಒಲೆ ಬಿಟ್ಟು ಒದ್ದೆ ಕೈಯಲ್ಲೇ ಬಂದು ಲೇಸು ಕಟ್ಟುತ್ತಿದ್ದಳು. ಆಮೇಲೆ ಇನ್ನೊಂದು ಕಾಲು. ಅಷ್ಟು ಹೊತ್ತೂ ಅವರು ಎದುರು ಮನೆಯ ಸೂರು ನೋಡುತ್ತಿದ್ದರು, ಇವಳು ಬೂಟು ನೋಡುತ್ತಿದ್ದಳು. ಒಂದು ಮಾತಿಲ್ಲ. ಕೈ ಸುಡುವುದಕ್ಕೆ ಮೊದಲು ಇಬ್ಬರೂ ಸೇರಿದರೆ ಬೀದಿಗೆಲ್ಲ ಕೇಳುವ ಹಾಗೆ ಹರಟುತ್ತಿದ್ದವರು.

"ಒಂದಿನ ಅಮ್ಮ ಹೇಳೇಬಿಟ್ಲು, ನಾಳೆಯಿಂದ ನನ್ನ ಕೈಲಾಗಲ್ಲ ಅಂತ. ಮಾವ ಬರೋದೇ ಬಿಟ್ರು. ಲೇಸು ಹಾಗೇ ಬಿಟ್ಕೊಂಡು ಹೋಗಿ, ಗಂಟೆ ಕಟ್ಟೆ ಮೇಲಿಂದ ಎಡವಿ ಬಿದ್ರು. ಹಣೆ ಒಡೀತು. ಅಮ್ಮ ಅವತ್ತೇ ಹೋಗಿ ಕಾಲಿಂದ ಬೂಟು ಕಿತ್ಕೊಂಡು ಬಂದ್ಲು. ನಾನು ಪಕ್ಕದಲ್ಲೇ ಕೂತು ದಾರಕ್ಕೆ ಮೇಣ ಉಜ್ಜಿ ಕೊಡ್ತಿದ್ದೆ. ಬೈತಾ ಬೈತಾ ಹೊಲಿದ್ಲು ನೋಡು. ಪ್ರತಿ ಹೊಲಿಗೆಗೂ ಒಂದು ಬೈಗುಳ."

ಕುಣಿಕೆಗೆ ಅಳತೆ ತೆಗೆದದ್ದು ಅಜ್ಜಿಯೇ. ಮಾವ ನಿದ್ದೆ ಮಾಡುವಾಗ ಮಣಿಕಟ್ಟಿಗೆ ದಾರ ಸುತ್ತಿ ತಂದರಂತೆ, ಎಚ್ಚರವಿದ್ದಾಗ ಕೇಳಲು ಇಬ್ಬರಿಗೂ ಧೈರ್ಯವಿರಲಿಲ್ಲ.

"ಅವರೇ ಬೂಟು ಹಾಕ್ಕೊಳ್ಳೋ ಹಾಗಾದ್ಮೇಲೆ ನಿಮ್ಮ ಮನೆಗೆ ಬರೋ ಅಗತ್ಯ ಇರ್ಲಿಲ್ಲ ಅಲ್ವಾ" ಅಂತ ಇವರು ಕೇಳಿದರು.

"ಅದೇ ನೋಡಪ್ಪ. ಮತ್ತೆ ಅದೇ ಹೊತ್ತಿಗೆ ಬಂದ್ರು. ಬೂಟು ಹಾಕ್ಕೊಂಡೇ ಬಂದಿದ್ರು. ಮೆಟ್ಟಿಲ ಮೇಲೆ ಕೂತ್ರು. ಅಮ್ಮ ಚಹಾ ಕೊಟ್ಲು. ಅವತ್ತಿಂದ ಮತ್ತೆ ಇಬ್ಬರದೂ ಹರಟೆ ಶುರು. ಮಾವ ಸಾಯೋ ತನಕ ನಿಲ್ಲಲಿಲ್ಲ."

ಅಜ್ಜಿ ಎರಡು ಸಸಿ ಕೊಟ್ಟಿದ್ದಾರೆ, ಯಾವ ಗಿಡ ಅಂತ ಕೇಳುವುದು ಮರೆತೆವು.

ಜುಲೈ 15, ಸೋಮವಾರ

ಯಜಮಾನಿಗೆ ಹೇಳಿದೆ. ಪೂರ್ತಿ ಕೇಳಿದರು. ಡಬ್ಬವೊಂದನ್ನು ಎತ್ತಿಕೊಂಡು ಅದರ ಮೇಲಿನ ಕುದುರೆಯ ಚಿತ್ರವನ್ನೇ ನೋಡಿದರು.

"ತಾತ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಈ ಕಥೆ ಹೇಳ್ತಿದ್ರು. ಸುಳ್ಳು ಹೇಳಿದ್ರು ಅಂತೀರಾ?"

"ಗೊತ್ತಿಲ್ಲ ಮೇಡಂ. ನನಗೆ ಗೊತ್ತಿರೋದು ಬೂಟಿನ ಒಳಗಿರೋದು ಮಾತ್ರ." ಅವರ ಎಡಗೈ ಹಿಡಿದು ಬೂಟಿನೊಳಗೆ ತೂರಿಸಿ ತೂತಿನ ಸಾಲು ಮುಟ್ಟಿಸಿದೆ. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಸದ್ಯಕ್ಕೆ ಗೋಡೆ ಬರಹ ಬೇಡ ಅಂದರು. ಬೇಡವೇ ಬೇಡ ಅಂದರೋ, ಸದ್ಯಕ್ಕೆ ಅಂದರೋ, ದನಿಯಿಂದ ಗೊತ್ತಾಗಲಿಲ್ಲ. ಮೊದಲ ಸಲ, ಈ ಕೋಣೆ ಕೈತಪ್ಪಿದರೆ ಏನು ಗತಿ ಅನಿಸಿತು.

ಜುಲೈ 19, ಶುಕ್ರವಾರ

ಕೂದಲು ಕತ್ತರಿಸಿಕೊಂಡೆ, ಕಿವಿಯ ಕೆಳಗಿನವರೆಗೆ. ಸೆಕೆ. ಎಡಗೈಯಲ್ಲಿ ಬಾಚಿಕೊಳ್ಳಬಹುದು.

ಇವರು ಬಾಗಿಲಲ್ಲೇ ನಿಂತು ನೋಡಿದರು. "ಚೆನ್ನಾಗಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಂಗೆ ಈಗ್ತಾನೆ ಕೈ ಕೂತಿತ್ತು" ಅಂದರು.

ನಗು ಬಂತು. ಅವರಿಗೂ ಬಂತು. ಈಗ ಬೆಳಗ್ಗೆ ಹೊತ್ತು ಮಿಗುತ್ತದೆ, ಇಬ್ಬರೂ ಕಿಟಕಿಯ ಹತ್ತಿರ ಕೂತು ಚಹಾ ಕುಡಿಯುತ್ತೇವೆ. ಡಿಪೋದ ಕಥೆ ಎಷ್ಟೊಂದಿದೆ ಇವರ ಹತ್ತಿರ. ನಾನು ಕೇಳಿಯೇ ಇರಲಿಲ್ಲ.

ಜುಲೈ 24, ಬುಧವಾರ

ಯಜಮಾನಿ ಯಾರಿಗೂ ಹೇಳದೆ ಒಬ್ಬರೇ ಸಸಿ ಅಜ್ಜಿಯ ಹತ್ತಿರ ಹೋಗಿಬಂದರು. ಬಂದವರು ಸೀದಾ ನನ್ನ ಕೋಣೆಗೆ ಬಂದು ಬೂಟಿನ ರಾಶಿಯ ಪಕ್ಕ ನೆಲದ ಮೇಲೇ ಕೂತರು. ಬೆರಳಿನ ಸಂದಿಯಲ್ಲಿ ಮಣ್ಣಿತ್ತು. ಅಜ್ಜಿ ಅವರಿಂದಲೂ ಕೆಲಸ ಮಾಡಿಸಿದ್ದಾರೆ.

ಹೊಸ ಬೂಟನ್ನು ದೊಡ್ಡ ಯಜಮಾನರು ಮೊದಲು ನೋಡಿದಾಗ, ಇದೇನು ಬೂಟೋ ಕಾಲುಚೀಲವೋ ಅಂತ ನಕ್ಕಿದ್ದರಂತೆ. ಕುಲುಮೆಯವರು ಗೇಟಿನ ಮುಂದೆ ನಿಂತು ಗಂಟೆಯಣ್ಣನ ಬೂಟಿನಂಥದ್ದೇ ಬೇಕು ಅನ್ನತೊಡಗಿದ ಮೇಲೆ ನಗು ನಿಂತಿತು. ದೊಡ್ಡ ಯಜಮಾನರೇ ಗಂಟೆಯಣ್ಣನ ತಂಗಿಯ ಮನೆಗೆ ಬಂದು ಅದೇ ಮೆಟ್ಟಿಲ ಮೇಲೆ ಕೂತು, ನಮ್ಮ ಹೆಂಗಸರಿಗೆ ಕಲಿಸಿಕೊಡು, ಅಣ್ಣನಿಗೆ ಇಂಥದ್ದೇ ಹೊಸದು ಹೊಲಿ, ಈ ಜೋಡಿ ನನಗೆ ಕೊಡು ಅಂತ ಕೇಳಿದರು. ಅವಳು ಒಂದೇ ಷರತ್ತು ಹಾಕಿದಳು: ಇದು ಯಾಕೆ ಹುಟ್ಟಿತು ಅಂತ ಯಾರಿಗೂ ಹೇಳಬಾರದು. ಅಣ್ಣನ ಕೈ ಊರ ಬಾಯಿಗೆ ಬೀಳುವುದು ಬೇಡ.

"ಅದಕ್ಕೇ ಕುದುರೆ" ಅಂದರು ಯಜಮಾನಿ. "ಯಾರಾದ್ರೂ ಕೇಳಿದ್ರೆ ಹೇಳೋಕೆ ಒಂದು ಕಥೆ ಬೇಕಿತ್ತು. ನಮ್ಮ ತಾತನಿಗೆ ಕುದುರೆ ಹತ್ತೋಕೂ ಬರ್ತಿರ್ಲಿಲ್ಲ ಗೊತ್ತಾ."

"ಹಾಗಾದ್ರೆ ಈಗ ಹೇಳ್ಬಹುದಾ ಮೇಡಂ?"

"ಅಜ್ಜಿನೇ ಕೇಳಿದೆ. ಹೇಳಿ, ನಾಚಿಕೊಳ್ಳೋರು ಯಾರೂ ಉಳಿದಿಲ್ಲ ಅಂದ್ರು."

ಗೋಡೆ ಬರಹ ಇವತ್ತೇ ಶುರುಮಾಡಿದೆ. ತಂಗಿ, ಅಣ್ಣ, ಕುಲುಮೆಯವರು, ಹಾಲಿನವನು, ಡ್ರಮ್ಮಿನವಳ ತಾಯಿ, ಎಲ್ಲರೂ ಇರುತ್ತಾರೆ. ಕುದುರೆಯೂ ಇರುತ್ತದೆ, ಯಾಕಿತ್ತು ಅನ್ನುವುದರ ಜೊತೆಗೆ. ಅರ್ಧ ಬರೆದಾಗ ಸೂಪರ್‌ವೈಸರ್ ಬಂದ. ನೇರ ಹೊಲಿಗೆಯ ಮೆಷಿನ್ ಒಂದಿದೆ, ಬೆರಳು ಹೆಚ್ಚು ಬೇಡ, ನಾಳೆಯಿಂದ ಬರಬಹುದು ಅಂದ. ನನಗೋಸ್ಕರ ಓಡಾಡಿ ಮಾಡಿಸಿದ್ದಾನೆ ಪಾಪ. ಮಧ್ಯಾಹ್ನದ ಮೇಲೆ ಬರ್ತೀನಿ, ಬೆಳಗ್ಗೆ ಇಲ್ಲಿ ಕೆಲಸ ಇರುತ್ತೆ ಅಂದೆ. ಅವನು ಯಜಮಾನಿಯನ್ನು ನೋಡಿದ. ಅವರು ತಲೆಯಾಡಿಸಿದರು.

ಆಗಸ್ಟ್ 3, ಶನಿವಾರ

ಕೋಣೆ ತೆರೆಯಿತು. ಉಸಿರಾಡಲು ಜಾಗವಿಲ್ಲದಷ್ಟು ಜನ.

ಬೆಂಕಿ ತಾತ ಗೋಡೆಯ ಮುಂದೆ ನಿಂತು ಜೋರಾಗಿ ಓದಿ, ಕುಲುಮೆಯ ಭಾಗ ಸ್ವಲ್ಪ ಕಮ್ಮಿ ಆಯ್ತು ಅಂದರು. ಸಸಿ ಅಜ್ಜಿ ಅವರ ಪಕ್ಕದಲ್ಲೇ ನಿಂತು, "ನೀವು ಎರಡನೆಯವರು, ಎರಡನೆಯವರಿಗೆ ಅಷ್ಟು ಸಾಕು" ಅಂದರು. ಇಬ್ಬರೂ ವಾದ ಶುರುಮಾಡಿದರು. ಅದನ್ನು ಕೇಳಲು ಜನ ಗೋಡೆ ಬಿಟ್ಟು ಅವರ ಸುತ್ತ ಸೇರಿದರು. ಇವರು ಡಿಪೋದ ಸಮವಸ್ತ್ರದಲ್ಲೇ ಬಂದು, ನಾನು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ನಿಂತು ಓದಿದರು.

ಆಮೇಲೆ ಅಜ್ಜಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಒಳಗೆ ಮಾವನ ಜೋಡಿ.

"ಇದನ್ನ ತೆಗೀಮ್ಮ" ಅಂದರು.

ಯಜಮಾನಿ ನನ್ನನ್ನು ನೋಡಿದರು. ನಾನು ತೆಗೆದೆ. ಅಜ್ಜಿ ಕುರ್ಚಿಯಲ್ಲಿ ಕೂತು ಒಂದು ಚಪ್ಪಲಿ ಬಿಟ್ಟು, ಎರಡು ಕುಣಿಕೆಗೂ ಮಣಿಕಟ್ಟು ತೂರಿಸಿ, ಬೂಟು ಏರಿಸಿಕೊಂಡರು. ತೋರಿಸಿಕೊಡಬೇಕಾಗಲಿಲ್ಲ. ಎದ್ದರು. ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ, ಕೋಣೆಯ ಉದ್ದಕ್ಕೂ ನಡೆದರು. ಧಪ್, ಪಟ. ಧಪ್, ಪಟ. ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಬೆಂಕಿ ತಾತನೂ ಬಾಯಿ ಮುಚ್ಚಿಕೊಂಡರು.

ಬಾಗಿಲವರೆಗೆ ಹೋಗಿ ತಿರುಗಿ ನಿಂತು ಕಾಲು ನೋಡಿಕೊಂಡರು. "ಎಷ್ಟು ಭಾರ" ಅಂದರು. "ಅಮ್ಮ ಇನ್ನೊಂದು ಚೂರು ಹಗುರ ಮಾಡ್ಬಹುದಿತ್ತು."

ಎಲ್ಲರೂ ನಕ್ಕರು. ಯಜಮಾನಿ ಕಣ್ಣು ಒರೆಸಿಕೊಂಡು ನಕ್ಕರು.

ಆದರೆ ಅಜ್ಜಿ ಹೇಳಿದ್ದು ನಿಜ. ಬಿಚ್ಚಿಕೊಟ್ಟ ಮೇಲೆ ಕೈಯಲ್ಲಿ ತೂಗಿ ನೋಡಿದೆ. ಚರ್ಮ ತೆಳ್ಳಗಿದೆ, ಭಾರವೆಲ್ಲ ಅಡಿಯ ಅಟ್ಟೆಯಲ್ಲಿದೆ, ಅದೂ ಹಿಮ್ಮಡಿಯ ಕಡೆಗೆ. ಲೇಸಿನ ಬೂಟಿಗೆ ಅಷ್ಟು ದಪ್ಪ ಅಟ್ಟೆ ಯಾರು ಹಾಕಿದರು, ಯಾಕೆ? ಸೋಮವಾರ ಬೆಳಗ್ಗೆ ಮೊದಲು ಅಟ್ಟೆ ವಿಭಾಗದವರನ್ನು ಹಿಡಿಯಬೇಕು.